ಫೀಲಿಂಗ್‌ಸಾಂಗ್‌ಜನ್ಯ ನಿಟ್ಟುಸಿರು: ಒಂದು ಬಹುಶಿಸ್ತೀಯ ಅವಲೋಕನ

ಪೀಠಿಕೆ: ಹದಿಮೂರರಿಂದ ಹದಿನೈದರ ವಯೋಮಾನದ ಶ್ರೋತೃವು ವಿಷಾದಪ್ರಧಾನ ಜನಪ್ರಿಯ ಗೀತಪಠ್ಯದೊಡನೆ ನಡೆಸುವ ಶ್ರವಣಾತ್ಮಕ ಅನುಸಂಧಾನವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಬಿಡಿಸಿ ಹೇಳುವುದಾದರೆ (ಹಾಗೆ ಹೇಳಿದವರಿಗೆ ಪಿಎಚ್‌ಡಿ ಸಿಗುವುದಿಲ್ಲ), ಒಂಬತ್ತನೇ ಕ್ಲಾಸಿನ ಹುಡುಗ ಗೌರಿಬಿದನೂರು ಬಸ್ಸಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಫೀಲಿಂಗ್ ಸಾಂಗ್ ಕೇಳಬಹುದೇ, ಕೂಡದೇ?

ಸಮಸ್ಯೆಯ ಉಗಮ: ಪ್ರಶ್ನೆ ನನ್ನದಲ್ಲ. ಶಾಲೆಯೊಂದರ ಪೋಷಕರ ಸಭೆಗೆ ಬಂದಿದ್ದ ಸಂಪನ್ಮೂಲ ವ್ಯಕ್ತಿಯದು. (ಸಂಪನ್ಮೂಲ ವ್ಯಕ್ತಿ: ಪರ ಊರಿನಿಂದ ಪೆನ್‌ಡ್ರೈವ್ ಸಮೇತ ಬಂದವರು.) ಅವರು ಪರದೆಯ ಮೇಲೆ ಮಿದುಳಿನ ಚಿತ್ರ ತೋರಿಸಿ, ಅದರ ಕೆಂಪು ಭಾಗ ಹಾಡಿನಿಂದಲೇ ಕೆಂಪಾದದ್ದೆಂದೂ, ಇದಕ್ಕೆ ತಮ್ಮ ಮೌಲ್ಯವರ್ಧನ ಶಿಬಿರವೊಂದೇ ಮದ್ದೆಂದೂ ಸಾಧಿಸಿದರು. ತಾಯಂದಿರು ಹೆದರಿ ಮೊಬೈಲಿನಲ್ಲಿ ಮಿದುಳಿನ ಫೋಟೋ ತೆಗೆದುಕೊಂಡರು. ಶಿಬಿರದ ಫೀಸು ಕೊನೆಯ ಸ್ಲೈಡಿನಲ್ಲಿತ್ತು.

ವರ್ಗೀಕರಣ: ಭರತಮುನಿ ವ್ಯಭಿಚಾರಿ ಭಾವಗಳನ್ನು 33 ಎಂದು ಎಣಿಸಿ ನಿರ್ವೇದವನ್ನು ಮೊದಲಿಗಿಟ್ಟ. ಆತ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ನೋಡಿರಲಿಲ್ಲವಾದ್ದರಿಂದ ಕೆಲವನ್ನು ಸೇರಿಸುವುದು ಅನಿವಾರ್ಯ. ಒಂದು, ಪ್ರೇಮರಹಿತ ಪ್ರೇಮವೈಫಲ್ಯ: ಇನ್ನೂ ಯಾರನ್ನೂ ಪ್ರೀತಿಸಿರದ ಹುಡುಗನಿಗೆ ಆಗುವ ಲವ್ ಫೇಲ್ಯೂರ್. ಎರಡು, ದ್ವಿಭಾಷಾ ಶೋಕ: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ಎರಡೂ ಚಿತ್ರರಂಗಗಳ ದುಃಖವನ್ನು ಹೊರಬೇಕಾದ್ದರಿಂದ ಮೈಸೂರಿನವರಿಗಿಂತ ಇಮ್ಮಡಿ ಬಳಲುತ್ತಾರೆ. ಮೂರು, ಸ್ಟೇಟಸ್‌ನಿಷ್ಠ ವಿಷಾದ: ನೋಡಬೇಕಾದವರು ನೋಡಿದೊಡನೆ ಶಮನವಾಗುತ್ತದೆ. ನಾಲ್ಕನೆಯದರಿಂದ ಹನ್ನೊಂದನೆಯದರವರೆಗೆ ಆಸಕ್ತರು ತಾವೇ ತುಂಬಿಕೊಳ್ಳಬಹುದು.

ಪೂರ್ವಾಧ್ಯಯನಗಳು: ಗಯಟೆಯ ‘ವೆರ್ಥರ್’ ಕಾದಂಬರಿ 1774ರಲ್ಲಿ ಬಂದಾಗ ಹುಡುಗರು ಕೆಡುತ್ತಾರೆಂದು ಲೈಪ್‌ಜಿಗ್ ನಗರ ಅದನ್ನು ನಿಷೇಧಿಸಿತು, ಕಥಾನಾಯಕನ ಉಡುಪನ್ನೂ ಬಿಡಲಿಲ್ಲ. 1985ರಲ್ಲಿ ಅಮೆರಿಕದ ಸೆನೆಟ್ ಹಾಡುಗಳ ಬಗ್ಗೆಯೇ ವಿಚಾರಣೆ ನಡೆಸಿತು. ನಮ್ಮ ಕಡೆ 1953ರ ತೆಲುಗು ‘ದೇವದಾಸು’ವಿನಲ್ಲಿ ಘಂಟಸಾಲ ಹಾಡಿದ್ದನ್ನು ಕೇಳಿದ ತಾತಂದಿರು ಯಾವ ಶಿಬಿರಕ್ಕೂ ಹೋಗದೆ ದ್ರಾಕ್ಷಿ ಬೆಳೆದು, ಮಕ್ಕಳ ಮದುವೆ ಮಾಡಿದರು. 2006ರ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ಬಂತು. 2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರವನ್ನು ಬಿಟ್ಟು ಬೇರೆ ಜಿಲ್ಲೆಯಾಯಿತು. ಎರಡೂ ಅಗಲಿಕೆಯ ಕಥೆಗಳೇ ಆದರೂ ಜನ ಅತ್ತದ್ದು ಮೊದಲನೆಯದಕ್ಕೆ. ಅದೇ 2007ರಲ್ಲಿ ‘ಚೆಲುವಿನ ಚಿತ್ತಾರ’: ಶಾಲೆಗೆ ಹೋಗುವ ಹುಡುಗಿ, ಮೆಕ್ಯಾನಿಕ್ ಹುಡುಗ, ಕೊನೆಗೆ ಅವನಿಗೆ ಹುಚ್ಚು. ಅಂದು ಟಾಕೀಸಿನಲ್ಲಿ ಕಣ್ಣೊರೆಸಿಕೊಂಡ ಹರೆಯದವರೇ ಇಂದು ಸಭೆಯ ಮುಂದಿನ ಸಾಲಿನಲ್ಲಿ ಕೂತು ‘ಈಗಿನ ಹಾಡು ಸರಿಯಿಲ್ಲ ಸಾರ್’ ಎಂದು ತಲೆಯಾಡಿಸಿದ ಪೋಷಕರು.

ದೇಶೀ ಪಠ್ಯಗಳ ಭಾರಮಾಪನ: ಗೋವಿನ ಹಾಡಿನಲ್ಲಿ ತಾಯಿ ಸಾಯಲು ಹೊರಡುತ್ತಾಳೆ, ಕರು ತಬ್ಬಲಿಯಾಗುವುದರಲ್ಲಿದೆ, ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ಇದನ್ನು ಪುಟ್ಟ ಮಕ್ಕಳಿಗೆ ಬಾಲ ಕಟ್ಟಿ ವಾರ್ಷಿಕೋತ್ಸವದಲ್ಲಿ ಆಡಿಸುತ್ತೇವೆ. ‘ಕೆರೆಗೆ ಹಾರ’ದಲ್ಲಿ ನೀರು ಬರಲೆಂದು ಮನೆಯವರೇ ಕಿರಿ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ, ಸುದ್ದಿ ತಿಳಿದ ಗಂಡ ಬಂದು ಅದೇ ಕೆರೆಗೆ ಹಾರುತ್ತಾನೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಸಂತ ತಾತಯ್ಯನ ತತ್ತ್ವಪದಗಳನ್ನು, ಈ ದೇಹ ನಿಲ್ಲುವುದಲ್ಲ ಎಂಬ ಮಾತನ್ನು, ಮಕ್ಕಳು ಮೊಮ್ಮಕ್ಕಳೆಲ್ಲ ತಾಳ ಹಾಕಿ ಹಾಡುತ್ತಾರೆ. ಚೆನ್ನಾಗಿಯೇ ಹಾಡುತ್ತಾರೆ. ಇಷ್ಟೆಲ್ಲ ಸಂಸ್ಕೃತಿ. ಅದೇ ಮಗು ತನಗೆ ಬೇಕಾದ ದುಃಖವನ್ನು ತಾನೇ ಆರಿಸಿಕೊಂಡರೆ ಕಾಯಿಲೆ.

ಉಪಶೀರ್ಷಿಕೆಗಳು ಇಲ್ಲಿಗೆ ಸಾಕು. ಆ ದಿನ ಮಿದುಳಿನ ಚಿತ್ರ ಮುಗಿದ ಮೇಲೆ ಪರೀಕ್ಷೆಯ ಅಂಕಗಳನ್ನು ಮೈಕಿನಲ್ಲಿ ಓದಿದರು, ಕಡಿಮೆ ಬಂದವರ ಹೆಸರು ಮೊದಲು. ಅಪ್ಪ ಅಮ್ಮಂದಿರ ಎದುರು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿದರು. ಒಬ್ಬ ಹುಡುಗಿ ಯೂನಿಫಾರ್ಮಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಳು. ಅವಳ ಮಿದುಳಿನಲ್ಲಿ ಯಾವ ಭಾಗ ಕೆಂಪಾಯಿತೋ, ಅದಕ್ಕೆ ಸ್ಲೈಡ್ ಮಾಡಿಸಿರಲಿಲ್ಲ. ಸಾವಿರ ಅಡಿ ದಾಟಿದರೂ ಬರೀ ಧೂಳು ಉಗುಳಿದ ಬೋರ್‌ವೆಲ್ಲಿನ ಸಾಲ, ರೇಷ್ಮೆಗೂಡಿನ ರೇಟು ಬಿದ್ದ ದಿನ ಮನೆಯಲ್ಲಿ ಏಳುವ ಜಗಳ, ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ಹುಡುಗಿಗೆ ಗಂಡು ನೋಡುವ ಪಿಸುಮಾತು, ಇವನ್ನೆಲ್ಲ ಮಕ್ಕಳ ತಲೆಗೆ ತುಂಬಿದವರು ಯಾವ ಸಿನಿಮಾದವರು? ನಾವೇ ಅಲ್ಲವೇ? ಮಕ್ಕಳು ಆ ದುಃಖಕ್ಕೊಂದು ರಾಗ ಹುಡುಕಿಕೊಂಡದ್ದು ಅಪರಾಧವೇ? ಅಳುವುದಕ್ಕೆ ಆ ಮಕ್ಕಳಿಗೆ ಬೇರೆ ಎಲ್ಲಿ ಜಾಗ ಇಟ್ಟಿದ್ದೀರಿ ಸ್ವಾಮಿ?

ಒಲ್ಲೆ ಎಂದ ಹುಡುಗಿಯನ್ನು ಬಯ್ಯುವ, ಬೆನ್ನುಹತ್ತುವುದನ್ನೇ ಪ್ರೀತಿ ಎನ್ನುವ ಹಾಡುಗಳ ಬಗ್ಗೆ ನನಗೂ ತಕರಾರಿದೆ. ಅವನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಮದುವೆ ಆರ್ಕೆಸ್ಟ್ರಾದಲ್ಲಿ ಚೀಟಿ ಕಳಿಸಿ ಅವನ್ನೇ ಹಾಡಿಸುವವರು ಒಂಬತ್ತನೇ ಕ್ಲಾಸಿನವರಲ್ಲ.

ಅಳುವ ಹಾಡು ಕೇಳುವ ಮಗುವಿನ ಬಗ್ಗೆ ಇಷ್ಟು ಗಾಬರಿ ಬೇಡ. ಹಾಡೂ ಬೇಡವಾಗಿ, ಊಟ ಸೇರದೆ, ಗೆಳೆಯರು ಕರೆದರೂ ಏಳದ ಮಗುವನ್ನು ನೋಡಿ. ಪಕ್ಕದಲ್ಲಿ ಕೂತು ಮಾತಾಡಿಸಿ. ನಿಮ್ಮ ಕೈಲಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೇಳದ ಸರ್ಕಾರಿ ಸಹಾಯವಾಣಿ, 2022ರಿಂದ ಇದೆ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ.