ಶಾಲು ಬೇಡ, ಮುಟ್ಟಾಳೆ ಸಾಕು

ಮಾನ್ಯ ಸಂಘಟನಾ ಸಮಿತಿಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಮತ್ತು ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಯಿತೆಂದು ಮುನಿಸಿಕೊಂಡಿರುವ ಉಪಾಧ್ಯಕ್ಷರಿಗೆ,



ಮುಂದಿನ ಭಾನುವಾರದ ವಿಚಾರ ಸಂಕಿರಣಕ್ಕೆ ನನ್ನನ್ನು ಕರೆದಿದ್ದೀರಿ. ವಿಷಯ, ‘ಸೃಜನಶೀಲ ಕ್ಷೇತ್ರದಲ್ಲಿ ಸರ್ಕ್ಯುಲರ್ ಎಕಾನಮಿ’. ನಾನು ಕಾಸರಗೋಡಿನ ನಿವೃತ್ತ ಕನ್ನಡ ಮಾಷ್ಟ್ರು. ನನಗೆ ಸರ್ಕ್ಯುಲರ್ ಅಂದರೆ ಸುತ್ತೋಲೆ. ಸುತ್ತೋಲೆ ಅಂದರೆ ಮಲಯಾಳದಲ್ಲಿ ಬಂದು, ಪಕ್ಕದ ಮಾಷ್ಟ್ರಿಂದ ಓದಿಸಿಕೊಂಡು, ರುಜು ಹಾಕಿ ಮುಂದೆ ದಾಟಿಸುವ ಕಾಗದ. ಅದರಲ್ಲಿ ಎಕಾನಮಿ ಎಲ್ಲಿಂದ ಬಂತೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಮೊಮ್ಮಗಳು ಬಿಡಿಸಿ ಹೇಳಿದಳು: ಮಾಡಿದ ವಸ್ತುವನ್ನು ಬಿಸಾಡದೆ, ರಿಪೇರಿ ಮಾಡಿ, ಕೈಯಿಂದ ಕೈಗೆ ದಾಟಿಸಿ, ಕಡೆಗೆ ಮಣ್ಣಿಗೆ ಸೇರಿಸುವುದಂತೆ. “ನಿಮ್ಮ ಸನ್ಮಾನದ ಶಾಲಿನ ಹಾಗೆ ಅಜ್ಜ” ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಕುಂಬಳೆಯಲ್ಲಿ ನನಗೆ ಹೊದಿಸಿದ ಒಂದು ಶಾಲಿನ ಮೂಲೆಗೆ ನನ್ನವಳು ಕೆಂಪು ನೂಲಿನಿಂದ ಚುಕ್ಕಿ ಹಾಕಿದ್ದಳು. ಅದನ್ನು ನಾನು ನೀರ್ಚಾಲಿನ ಕವಿಯೊಬ್ಬರಿಗೆ ಹೊದಿಸಿದೆ. ಅವರು ಬದಿಯಡ್ಕದ ಭಾಗವತರಿಗೆ ದಾಟಿಸಿದರು. ಭಾಗವತರು ಅದನ್ನು ಮಂಜೇಶ್ವರದವರೆಗೆ ಮುಟ್ಟಿಸಿರಬೇಕು. ಕಳೆದ ಡಿಸೆಂಬರಿನಲ್ಲಿ ತಮ್ಮದೇ ವೇದಿಕೆಯಲ್ಲಿ, ಬೆವರು ಸುರಿಯುವ ಮಟಮಟ ಮಧ್ಯಾಹ್ನ, ನನ್ನ ಹೆಗಲಿಗೆ ಬಿದ್ದ ಶಾಲಿನಲ್ಲಿ ಕೆಂಪು ಚುಕ್ಕಿ ಕಂಡಿತು. ಹಳೆಯ ವಿದ್ಯಾರ್ಥಿ ಎದುರಾದಷ್ಟು ಸಂತೋಷವಾಯಿತು. ಇಷ್ಟು ಊರು ಸುತ್ತಿದರೂ ಮಡಿಕೆ ಕೆಟ್ಟಿರಲಿಲ್ಲ, ಏಕೆಂದರೆ ಯಾರೂ ಹೊದ್ದುಕೊಂಡೇ ಇರಲಿಲ್ಲ.

ಭಾಷಣದ ಮರುಬಳಕೆಯಲ್ಲೂ ನಮ್ಮನ್ನು ಮೀರಿಸುವವರಿಲ್ಲ. ಚಂದ್ರಗಿರಿ ಹೊಳೆಯಿಂದ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ 1967ರದ್ದು. ಜಾರಿಯಾಗಿದ್ದರೆ ಒಂದೇ ಸಲಕ್ಕೆ ಮುಗಿದುಹೋಗುತ್ತಿತ್ತು. ಆಗದೆ ಉಳಿದದ್ದರಿಂದ ಪ್ರತಿ ನವೆಂಬರಿನಲ್ಲೂ ಹೊಸದರಂತೆ ಬಳಸುತ್ತಿದ್ದೇವೆ. ಇಷ್ಟು ಬಾಳಿಕೆ ಬಂದ ಕಾಗದ ದೇಶದಲ್ಲಿ ಬೇರೆ ಇರಲಾರದು.

ಸೋತದ್ದು ಸ್ಮರಣಿಕೆಯಲ್ಲಿ. ಕಳೆದ ವಾರ ಕಸ ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸು ಮನೆಗೆ ಬಂದಾಗ ಕಪಾಟಿನಿಂದ ಹನ್ನೊಂದು ಸ್ಮರಣಿಕೆ ಇಳಿಸಿ ಜಗಲಿಯಲ್ಲಿಟ್ಟೆ. ಆಕೆ ಒಂದನ್ನು ಎತ್ತಿ ತಿರುಗಿಸಿ ನೋಡಿದಳು. ಕೆಳಗೆ ಮರದ ಪುಡಿ ಅಂಟಿಸಿದ ಹಲಗೆ, ಮೇಲೆ ಅಕ್ರಿಲಿಕ್, ನಡುವೆ ಚಿನ್ನದ ಬಣ್ಣದ ಹಾಳೆ, ಒಂದು ನಿಂತ ಗಡಿಯಾರ, ಅದರ ಪಕ್ಕ ತಪ್ಪಾಗಿ ಅಚ್ಚಾದ ನನ್ನ ಹೆಸರು. “ಮಾಷ್ಟ್ರೇ, ಇದು ಯಾವ ಚೀಲಕ್ಕೆ?” ಎಂದಳು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಉತ್ತರ ಹೊಳೆಯಲಿಲ್ಲ. ಹನ್ನೊಂದನ್ನೂ ವಾಪಸು ಕಪಾಟಿಗೇ ಏರಿಸಿದೆ.

ಹಾಗಿರುವಾಗ ಸುಸ್ಥಿರತೆ ಕಲಿಸಲು ದೂರದ ನಗರದಿಂದ ತಜ್ಞರನ್ನು ಕರೆಸುತ್ತಿದ್ದೀರಿ. ಬರಲಿ, ಸಂತೋಷ. ಬಂದವರನ್ನು ಒಂದು ರಾತ್ರಿ ಯಕ್ಷಗಾನದ ಆಟದ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಕರೆದುಕೊಂಡು ಹೋಗಿ. ಹಗುರ ಮರದಲ್ಲಿ ಕೆತ್ತಿ, ಬೇಗಡೆ, ಕನ್ನಡಿ ಚೂರು ಅಂಟಿಸಿದ ಕಿರೀಟ ಅಲ್ಲಿ ಕಾಣುತ್ತದೆ. ಅದು ಕಲಾವಿದನದ್ದಲ್ಲ, ಮೇಳದ್ದು. ನಿನ್ನೆ ದೇವೇಂದ್ರನ ತಲೆಯಲ್ಲಿದ್ದದ್ದು ಇವತ್ತು ಅರ್ಜುನನ ತಲೆಗೆ. ಬಣ್ಣದ ವೇಷದವನು ಮುಖಕ್ಕೆ ಗಂಟೆಗಟ್ಟಲೆ ಇಡುವ ಚಿಟ್ಟಿ ಅಕ್ಕಿ ಹಿಟ್ಟು ಮತ್ತು ಸುಣ್ಣ, ಬೆಳಗ್ಗೆ ನೀರಿನೊಂದಿಗೆ ಹೋಗುತ್ತದೆ. ರಂಗದ ಮೇಲೆ ಒಂದು ಮರದ ರಥ, ಅದೇ ಸಿಂಹಾಸನ, ಅದೇ ಬೆಟ್ಟ. ಕುಂಬಳೆಯ ಪಾರ್ತಿಸುಬ್ಬ ಕಟ್ಟಿದ ರಾಮಾಯಣದ ಪ್ರಸಂಗಗಳು ಇವತ್ತಿಗೂ ರಾತ್ರಿ ದುಡಿಯುತ್ತಿವೆ. ಆಟದ ಋತು ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಭುಜಕೀರ್ತಿಗೆ ಹೊಸ ಬೇಗಡೆ, ಕಿರೀಟಕ್ಕೆ ಹೊಸ ದಾರ. (ನಮ್ಮ ಜಿಲ್ಲೆ ಹುಟ್ಟಿದ್ದೂ 1984ರ ಮೇ 24ಕ್ಕೆ, ಸರಿಸುಮಾರು ಪತ್ತನಾಜೆಯ ಹೊತ್ತಿಗೆ. ಆಟ ಮುಗಿಯುವ ಕಾಲದಲ್ಲಿ ಹುಟ್ಟಿದ್ದಕ್ಕೇ ಹೀಗಿದೆಯೋ ಏನೋ.) ಯಾರಿಗೂ ಬೇಡವಾದ್ದರಿಂದ ಶಾಲು ಸುತ್ತುತ್ತದೆ, ಎಲ್ಲರಿಗೂ ಬೇಕಾದ್ದರಿಂದ ಕಿರೀಟ ಸುತ್ತುತ್ತದೆ. ತಜ್ಞರಿಗೆ ಇಷ್ಟು ಹೇಳಿದರೆ ಸಾಕು, ಅವರ ಅರ್ಧ ದಿನ ಉಳಿಯುತ್ತದೆ.

ಹಿಂದಿನದೆಲ್ಲ ಪರಿಶುದ್ಧ ಎಂಬ ಭ್ರಮೆ ನನಗಿಲ್ಲ. ಮುಖಕ್ಕೆ ಬಳಿಯುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್ ಇದೆ. ಹಳಬರು ಹಚ್ಚಿಕೊಂಡರು, ನಾವು ಹೊಗಳಿದೆವು.

ಇನ್ನು ಪೊಟ್ಟನ್ ತೆಯ್ಯಂ. ಮುಖಕ್ಕೆ ಬಣ್ಣ ಬರೆದ ಅಡಿಕೆ ಹಾಳೆ, ಸೊಂಟಕ್ಕೆ ತೆಂಗಿನ ಎಳೆಗರಿ. ಆ ಗರಿಯನ್ನು ನಂಬಿಯೇ ಅವನು ನಿಗಿನಿಗಿ ಕೆಂಡದ ಮೇಲೆ ಬೀಳುತ್ತಾನೆ. ಮರುದಿನ ಗರಿ ತೋಟದ ಬುಡದಲ್ಲಿ ಗೊಬ್ಬರ. ಜಾತಿಯ ಮೇಲುಕೀಳನ್ನು ನೇರ ಪ್ರಶ್ನಿಸುವ ದೈವ ಅದು. ಅದರ ಎದುರು ಕೈಮುಗಿದು ನಿಲ್ಲುವ ನಾವು, ರಾತ್ರಿಯಿಡೀ ಕೂತು ಆ ಗರಿ ಸಿಗಿಯುವವನನ್ನು ಈವರೆಗೆ ಒಂದು ಸಲವೂ ವೇದಿಕೆಗೆ ಕರೆದಿಲ್ಲ. ನನಗೆ ಹನ್ನೊಂದು ಸ್ಮರಣಿಕೆ, ಅವನಿಗೆ ಒಂದೂ ಇಲ್ಲ. ಅವನು ಅದೃಷ್ಟವಂತ ಎನ್ನಬಹುದು, ಆದರೆ ಅದು ನಾವು ಹೇಳುವ ಮಾತಲ್ಲ.

ತಮ್ಮ ಹಿಂದಿನ ಬ್ಯಾನರನ್ನು ನೋಡಿದ್ದೇನೆ. ಕೇರಳದಲ್ಲಿ ಫ್ಲೆಕ್ಸ್ ನಿಷೇಧವಾದದ್ದು 2019ರಲ್ಲಿ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ 2020ರ ಜನವರಿ 1ರಿಂದ. ‘ಪರಿಸರ ಉಳಿಸಿ’ ಎಂಬ ತಮ್ಮ ಫ್ಲೆಕ್ಸ್ ಈಗಲೂ ನಮ್ಮ ಸೌದೆ ಕೊಟ್ಟಿಗೆಯ ಮಾಡಿನಲ್ಲಿ ಮಳೆ ತಡೆಯುತ್ತಿದೆ. ಅದರಲ್ಲಿರುವ ಅಧ್ಯಕ್ಷರ ನಗು ಮಾಸಿಲ್ಲ.

ಆದ್ದರಿಂದ ನನ್ನ ಷರತ್ತುಗಳು. ಸ್ಮರಣಿಕೆ ಬೇಡ. ಬಟ್ಟೆ ಹೊದಿಸಲೇಬೇಕೆಂದಿದ್ದರೆ ಭೌಗೋಳಿಕ ಸೂಚಕ ಪಡೆದ ಕಾಸರಗೋಡು ಸೀರೆ ನಮ್ಮ ಊರಿನ ಮಗ್ಗದಲ್ಲೇ ಆಗುತ್ತದೆ. ನನ್ನವಳಿಗೆ ಒಂದು ಕೊಡಿ, ಅವಳು ಅದನ್ನು ಹರಿಯುವವರೆಗೂ ಉಟ್ಟು ಕೊನೆಗೆ ಕೈಮಸಿ ಬಟ್ಟೆ ಮಾಡುತ್ತಾಳೆ. ನನ್ನ ತಲೆಗೆ ಪೇಟದ ಬದಲು ಒಂದು ಅಡಿಕೆ ಹಾಳೆಯ ಮುಟ್ಟಾಳೆ ಇಡಿ. ಆ ಪದವನ್ನು ಎಲ್ಲಾದರೂ ಅಚ್ಚು ಹಾಕಿಸುವಾಗ ಕೊನೆಯ ಎತ್ವ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಮತ್ತು ಗರಿ ಸಿಗಿಯುವವನನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ. ಅವನಿಗೆ ಶಾಲು ಹೊದಿಸಬೇಡಿ, ಒಂದು ರಾತ್ರಿಯ ಕೂಲಿ ಕೊಡಿ.

ಕೆಂಪು ಚುಕ್ಕಿಯ ಶಾಲನ್ನು ಇದರೊಂದಿಗೆ ವಾಪಸು ಕಳುಹಿಸಿದ್ದೇನೆ. ತಲುಪಿದ್ದಕ್ಕೆ ರಸೀದಿ ಕೊಡಿ.

ಇತಿ ತಮ್ಮ ವಿಶ್ವಾಸಿ,
ಹನ್ನೊಂದು ಸಲ ಸನ್ಮಾನಿತ ಮಾಷ್ಟ್ರು