ಇಸ್ಕೊಂಡೋನೇ ಕೋಡಂಗಿ

ಸಾಫ್ಟ್‌ವೇರ್ ಕಂಪನಿಗೆ ಹೊಸದಾಗಿ ಸೇರಿದವರಿಗೆ ಕೋಡ್ ಬರೆಯಲು ಕೊಡುವುದು ಆಮೇಲಿನ ಮಾತು. ಮೊದಲು ಬರುವ ಅಪ್ಪಣೆ ಇದು: 'ಈ ಟೂಲನ್ನ ಸ್ವಲ್ಪ ಇವ್ಯಾಲ್ಯುಯೇಟ್ ಮಾಡಿ ಹೇಳಿ.' ಇಷ್ಟು ಗಂಭೀರವಾದ ಕೆಲಸವನ್ನು ಹಿರಿಯರು ಹೊಸಬರ ತಲೆಗೇ ಕಟ್ಟುವುದರಲ್ಲಿ ಅರ್ಥವಿದೆ. ಟೂಲ್ ಚೆನ್ನಾಗಿ ನಡೆದರೆ ಅದನ್ನು ಆರಿಸಿದ್ದು ಮ್ಯಾನೇಜರ್. ಕೈಕೊಟ್ಟರೆ ಇವ್ಯಾಲ್ಯುಯೇಟ್ ಮಾಡಿದ್ದು ನೀವು.

ನೀವಾದರೋ ಉತ್ಸಾಹದಿಂದ ಎಕ್ಸೆಲ್ ತೆರೆಯುತ್ತೀರಿ. ವೇಗಕ್ಕಿಷ್ಟು, ಭದ್ರತೆಗಿಷ್ಟು, ಬೆಲೆಗಿಷ್ಟು ಎಂದು ಅಂಕ ಹಂಚುತ್ತೀರಿ. ಎಲ್ಲ ಕೂಡಿದಾಗ ಮ್ಯಾನೇಜರ್ ಮನಸ್ಸಿನಲ್ಲಿದ್ದ ಟೂಲ್ ಮೂರನೇ ಸ್ಥಾನಕ್ಕೆ ಬಂದಿರುತ್ತದೆ. 'ತೂಕ ಸ್ವಲ್ಪ ನೋಡಿ, ಭದ್ರತೆಗೆ ಇಷ್ಟೊಂದು ಬೇಕಾ?' ಎನ್ನುತ್ತಾರೆ ಅವರು. ಆ ಟೂಲ್ ಮೊದಲನೇ ಸ್ಥಾನಕ್ಕೆ ಏರುವ ತನಕ ತೂಕಗಳು ಬದಲಾಗುತ್ತಲೇ ಹೋಗುತ್ತವೆ. ಉದ್ಯಮದ ಭಾಷೆಯಲ್ಲಿ ಇದು ವಸ್ತುನಿಷ್ಠ ಮೌಲ್ಯಮಾಪನ.

ಆದ್ದರಿಂದ ಅಂಕಪಟ್ಟಿಯನ್ನು ಅವರಿಗೇ ಬಿಟ್ಟು ನೀವು ಬೆಲೆಪಟ್ಟಿಯನ್ನು ಓದಿ. ಎಲ್ಲ ಟೂಲುಗಳ ಬೆಲೆಪಟ್ಟಿಯಲ್ಲೂ ಮೂರು ಡಬ್ಬಿಗಳಿರುತ್ತವೆ. ಎಡಗಡೆಯದು ಬಿಟ್ಟಿ. ನಡುವಿನದಕ್ಕೆ ಬಣ್ಣ ಬಳಿದು 'ಅತ್ಯಂತ ಜನಪ್ರಿಯ' ಎಂಬ ಚೀಟಿ ಅಂಟಿಸಿರುತ್ತಾರೆ. ಟೂಲ್ ನಿನ್ನೆ ಬಿಡುಗಡೆಯಾಗಿದ್ದರೂ ನಡುವಿನ ಡಬ್ಬಿ ಹುಟ್ಟುತ್ತಲೇ ಜನಪ್ರಿಯ. ಬಲಗಡೆಯ ಎಂಟರ್‌ಪ್ರೈಸ್ ಡಬ್ಬಿಯಲ್ಲಿ ಬೆಲೆಯೇ ಇಲ್ಲ, 'ನಮ್ಮನ್ನು ಸಂಪರ್ಕಿಸಿ' ಎಂದಷ್ಟೇ ಇದೆ. ಬೆಲೆ ಗುಟ್ಟೇನಲ್ಲ, ಇನ್ನೂ ಹುಟ್ಟಿಲ್ಲ ಅಷ್ಟೆ. ನಿಮ್ಮ ಕಂಪನಿಗೆ ಎಷ್ಟು ಬಂಡವಾಳ ಬಂತು ಎಂದು ಓದಿಕೊಂಡ ಮೇಲೆ ಸೇಲ್ಸ್‌ನವರು ಅದನ್ನು ಹೆರುತ್ತಾರೆ.

ಯಾವ ಸೌಲಭ್ಯ ಯಾವ ಡಬ್ಬಿಯಲ್ಲಿದೆ ಎಂಬುದನ್ನೂ ಗಮನಿಸಿ. ಕೆಲಸ ಬಿಟ್ಟುಹೋದವನಿಗೆ ಎಲ್ಲ ಬಾಗಿಲುಗಳನ್ನೂ ಒಂದೇ ಸಲ ಮುಚ್ಚಲು ಅನುಕೂಲ ಮಾಡಿಕೊಡುವ ಸಿಂಗಲ್ ಸೈನ್ ಆನ್ ಸಾಮಾನ್ಯವಾಗಿ ಬಲಗಡೆಯ ಡಬ್ಬಿಯಲ್ಲಿರುತ್ತದೆ. ಇದಕ್ಕಾಗಿ ತೆರುವ ಹೆಚ್ಚಿನ ಬೆಲೆಯನ್ನು ಎಂಜಿನಿಯರುಗಳು 'ಎಸ್‌ಎಸ್‌ಓ ತೆರಿಗೆ' ಎಂದೇ ಕರೆಯುತ್ತಾರೆ. 'ಭದ್ರತೆಯೇ ನಮ್ಮ ಮೊದಲ ಆದ್ಯತೆ' ಎಂದು ದೊಡ್ಡಕ್ಷರದಲ್ಲಿ ಬರೆದವರು ಭದ್ರತೆಯನ್ನು ಕೊನೆಯ ಡಬ್ಬಿಗೆ ಹಾಕಿ ಬೀಗ ಜಡಿದಿರುತ್ತಾರೆ. ಕೆಳಗಿನ ಸಣ್ಣಕ್ಷರವನ್ನೂ ಬಿಡಬೇಡಿ. 'ತಿಂಗಳಿಗೆ 20 ಡಾಲರ್' ಎಂಬುದರ ಕೆಳಗೆ 'ವರ್ಷದ ಹಣ ಒಮ್ಮೆಲೇ ಕಟ್ಟಿದರೆ' ಎಂದಿರುತ್ತದೆ. ಅದರ ಮೇಲೆ ಶೇ 18ರ ಜಿಎಸ್‌ಟಿ, ಡಾಲರ್ ಬದಲಿಸಿಕೊಟ್ಟದ್ದಕ್ಕೆ ಬ್ಯಾಂಕಿನ ದಕ್ಷಿಣೆ. ಸ್ಯಾನ್ ಫ್ರಾನ್ಸಿಸ್ಕೋದ ಎಂಜಿನಿಯರ್‌ಗೂ ದಾವಣಗೆರೆಯ ಫ್ರೀಲ್ಯಾನ್ಸರ್‌ಗೂ ಒಂದೇ ದರ. ಜಾಗತಿಕ ಸಮಾನತೆ ಸಂಬಳದಲ್ಲಿ ಬರುವುದು ತಡವಾದರೂ ಬಿಲ್ಲಿನಲ್ಲಿ ಆಗಲೇ ಬಂದಿದೆ.

'ಇದೆಲ್ಲ ಏಕೆ? ಎಡಗಡೆಯ ಡಬ್ಬಿ ಬಿಟ್ಟಿಯಲ್ಲವೇ?' ಎಂದು ನೀವು ಕೇಳಬಹುದು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನೂ ನಾವೇ ಮಾಡಿದ್ದು. ಟೂಲ್ ವ್ಯಾಪಾರದಲ್ಲಿ ಮಾತ್ರ ಇದು ತಿರುಗುಮುರುಗು. ಇಲ್ಲಿ ಕೊಟ್ಟೋನೇ ಈರಭದ್ರ.

ಈರಭದ್ರನ ಚರಿತ್ರೆ ನೋಡಿ. 1976ರಲ್ಲಿ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಹವ್ಯಾಸಿ ಪ್ರೋಗ್ರಾಮರುಗಳಿಗೆ ಒಂದು ಬಹಿರಂಗ ಪತ್ರ ಬರೆದರು. ನಮ್ಮ ಬೇಸಿಕ್ ಸಾಫ್ಟ್‌ವೇರನ್ನು ದುಡ್ಡು ಕೊಡದೆ ನಕಲು ಮಾಡಿಕೊಳ್ಳುತ್ತಿದ್ದೀರಿ, ಇದು ಕಳ್ಳತನ ಎಂಬುದು ಅದರ ಸಾರಾಂಶ. ಅದೇ ಮೈಕ್ರೋಸಾಫ್ಟ್ 2015ರಲ್ಲಿ ವಿಎಸ್ ಕೋಡ್ ಎಂಬ ಎಡಿಟರನ್ನು ಬಿಟ್ಟಿಯಾಗಿ ಹಂಚಲು ಶುರುಮಾಡಿತು. ಜಗತ್ತಿನ ಕೋಡೆಲ್ಲ ತಂಗುವ ಗಿಟ್‌ಹಬ್ ಅನ್ನು 2018ರಲ್ಲಿ 750 ಕೋಟಿ ಡಾಲರಿಗೆ ಕೊಂಡಿತು. 2022ರಲ್ಲಿ ಅದರ ಎಐ ಸಹಾಯಕ ಕೋಪೈಲಟ್ ಮಾರಾಟಕ್ಕೆ ಬಂತು. ಬರೆಯುವ ಜಾಗ ಬಿಟ್ಟಿ, ಬರೆದದ್ದನ್ನು ಇಡುವ ಜಾಗವೂ ಬಿಟ್ಟಿ, ಬರೆಯುವಾಗ ಮುಂದಿನ ಸಾಲನ್ನು ಕಿವಿಯಲ್ಲಿ ಉಸುರುವವನಿಗೆ ಮಾತ್ರ ಆಗ ತಿಂಗಳಿಗೆ 10 ಡಾಲರ್. ನಕಲು ಮಾಡಬೇಡಿ ಎಂದು ಬೈಯುವುದಕ್ಕಿಂತ ಅಭ್ಯಾಸ ಮಾಡಿಸುವುದು ಲಾಭದಾಯಕ ಎಂದು ತಿಳಿಯಲು ಅವರಿಗೆ ಸುಮಾರು ನಲವತ್ತು ವರ್ಷ ಹಿಡಿಯಿತು. ನಮ್ಮವರು ಇನ್ನೂ ಕಲಿಯುತ್ತಿದ್ದಾರೆ.

ಟೂಲ್ ಎಂದರೆ ಕೊಂಡು ಮನೆಗೆ ಒಯ್ಯುವ ವಸ್ತುವಾಗಿದ್ದ ಕಾಲವೂ ಇತ್ತು. 1983ರಲ್ಲಿ ಬೋರ್ಲ್ಯಾಂಡ್ ಕಂಪನಿ ಟರ್ಬೊ ಪ್ಯಾಸ್ಕಲ್ ಅನ್ನು 49.95 ಡಾಲರಿಗೆ ಮಾರಿತು. ಮುಂದೆ ಅದರ ಪರವಾನಗಿಯ ಷರತ್ತು ಬಹಳ ಸರಳವಾಯಿತು. ಇದನ್ನು ಪುಸ್ತಕದ ಹಾಗೆ ನೋಡಿಕೊಳ್ಳಿ, ಎಷ್ಟು ಜನ ಬೇಕಾದರೂ ಬಳಸಿ, ಒಂದೇ ಪ್ರತಿಯನ್ನು ಇಬ್ಬರು ಎರಡು ಕಡೆ ಏಕಕಾಲಕ್ಕೆ ಬಳಸದಿದ್ದರೆ ಸಾಕು. ಅದೇ ಕಂಪನಿಯ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆಯ ಮುಂದೆ ಕೂತು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಎಷ್ಟೋ ಬ್ಯಾಚುಗಳು ಲ್ಯಾಬ್ ಪರೀಕ್ಷೆ ಪಾಸಾದವು. ಅದರ ಬೆಲೆ ಎಷ್ಟು ಎಂದು ವಿದ್ಯಾರ್ಥಿಗಳು ಕೇಳಲಿಲ್ಲ, ಲ್ಯಾಬಿನವರು ಹೇಳಲಿಲ್ಲ. ಬೆಲೆ ಎಂದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಿ.ಡಿ.ಯ ಬೆಲೆ ಎಂದುಕೊಂಡು ಬೆಳೆದ ತಲೆಮಾರು ಇವತ್ತು ಮ್ಯಾನೇಜರ್ ಆಗಿ ನಿಮ್ಮಿಂದ ಬೆಲೆಯ ವರದಿ ಕೇಳುತ್ತಿದೆ.

ಈಗ ಪುಸ್ತಕದ ಕಾಲ ಮುಗಿದು ತಲೆಗಣತಿಯ ಕಾಲ ಬಂದಿದೆ. ಒರೇಕಲ್ ಕಂಪನಿ 2023ರ ಜನವರಿಯಲ್ಲಿ ತನ್ನ ಜಾವಾ ಚಂದಾದ ಲೆಕ್ಕವನ್ನೇ ಬದಲಿಸಿತು. ಜಾವಾ ಬಳಸುವವರು ಎಷ್ಟು ಜನ ಎಂದು ಕೇಳುವುದನ್ನು ಬಿಟ್ಟು ಕಂಪನಿಯಲ್ಲಿರುವವರು ಎಷ್ಟು ಜನ ಎಂದು ಕೇಳಿತು. ಸಾವಿರಕ್ಕಿಂತ ಕಡಿಮೆ ಜನರಿರುವ ಕಂಪನಿಗೆ ತಲೆಗೆ ತಿಂಗಳಿಗೆ 15 ಡಾಲರ್ ಪಟ್ಟಿದರ. ಅರೆಕಾಲಿಕರು, ತಾತ್ಕಾಲಿಕರು, ಕಂಪನಿಯ ಒಳಗಿನ ಕೆಲಸಕ್ಕೆ ನೆರವಾಗುವ ಗುತ್ತಿಗೆಯವರು ಎಲ್ಲರೂ ಲೆಕ್ಕಕ್ಕೆ ಸೇರಿದರು. ಮುನ್ನೂರು ಜನರಿರುವ ಕಂಪನಿಯಲ್ಲಿ ಐದು ಜನ ಜಾವಾ ಬರೆದರೂ ವರ್ಷಕ್ಕೆ 54,000 ಡಾಲರ್. ಜಾವಾ ಎಂದರೆ ಕಾಫಿ ಎಂದಷ್ಟೇ ತಿಳಿದ ಕ್ಯಾಂಟೀನ್ ಅಕೌಂಟೆಂಟ್ ಕೂಡ ಅಂದಿನಿಂದ ಜಾವಾ ಚಂದಾದಾರ. ಜಾವಾದ ಮುಕ್ತ ಆವೃತ್ತಿ ಓಪನ್‌ಜೆಡಿಕೆ ಪುಕ್ಕಟೆ ಸಿಗುತ್ತದೆ ಎಂಬುದನ್ನು ಕಂಪನಿಗಳಿಗೆ ನೆನಪಿಸಿದ್ದಕ್ಕಾದರೂ ಒರೇಕಲ್ಲಿಗೆ ಕೃತಜ್ಞರಾಗಿರಬೇಕು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂನಿಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿಡಿಯೊ ಗೇಮ್ ಕಟ್ಟುವ ಈ ಎಂಜಿನ್ನನ್ನು ಬಿಟ್ಟಿ ಡಬ್ಬಿಯಿಂದ ಕಲಿತು ಬೆಳೆದವರು ಜಗತ್ತಿನಾದ್ಯಂತ ಇದ್ದರು. ವರ್ಷದ ಆದಾಯ 2 ಲಕ್ಷ ಡಾಲರ್ ಮತ್ತು ಒಟ್ಟು 2 ಲಕ್ಷ ಇನ್‌ಸ್ಟಾಲ್ ದಾಟಿದ ಬಿಟ್ಟಿ ಡಬ್ಬಿಯ ಗೇಮುಗಳು, ಮುಂದಿನ ಜನವರಿಯಿಂದ ಪ್ರತಿ ಇನ್‌ಸ್ಟಾಲಿಗೆ 20 ಸೆಂಟ್‌ವರೆಗೆ ಕಟ್ಟಬೇಕು ಎಂದು ಯೂನಿಟಿ ಸಾರಿತು. ಆಗಲೇ ಮಾರುಕಟ್ಟೆಯಲ್ಲಿದ್ದ ಗೇಮುಗಳಿಗೂ ಇದು ಅನ್ವಯ. ಒಬ್ಬನೇ ಅಳಿಸಿ ಮತ್ತೆ ಹಾಕಿಕೊಂಡರೆ? ಅದೂ ಲೆಕ್ಕ ಎಂದರು, ಗಲಾಟೆಯಾದ ಮೇಲೆ ಅಲ್ಲ ಎಂದರು. ಒರಳುಕಲ್ಲು ಮಾರಿಹೋದವನು ವರ್ಷಗಳ ನಂತರ ಬಾಗಿಲು ತಟ್ಟಿ, ನಿಮ್ಮ ಮನೆಯಲ್ಲಿ ದೋಸೆ ತಿಂದವರ ತಲೆ ಎಣಿಸಿ, ಎರಡನೇ ದೋಸೆ ಹಾಕಿಸಿಕೊಂಡವರ ಬಗ್ಗೆ ವಿಚಾರಣೆ ನಡೆಸಿದ ಹಾಗಾಯಿತು. ಎರಡು ವಾರದೊಳಗೆ ನಿಯಮ ಸಡಿಲವಾಯಿತು. ಅಕ್ಟೋಬರಿನಲ್ಲಿ ಸಿಇಓ ಜಾನ್ ರಿಚಿಟೆಲ್ಲೊ ಹೊರನಡೆದರು. ಒಂದು ವರ್ಷದ ಮೇಲೆ ಶುಲ್ಕವನ್ನೇ ಕೈಬಿಟ್ಟರು, ಜೊತೆಗೆ ಪ್ರೊ ಚಂದಾವನ್ನು ಶೇ 8, ಎಂಟರ್‌ಪ್ರೈಸ್ ಚಂದಾವನ್ನು ಶೇ 25 ಏರಿಸಿದರು. ಮುಂಬಾಗಿಲಿನಿಂದ ಹೋದ ಬೆಲೆ ಹಿತ್ತಲಿನಿಂದ ಬಂತು.

ಈಗಿನ ಹೊಸಬರ ಪಾಲಿಗೆ ಬಂದಿರುವುದು ಎಐ ಟೂಲುಗಳು. ಇಲ್ಲಿ ಅಳತೆಯ ಮಾನವೇ ಟೋಕನ್, ಅಂದರೆ ಮಾತಿನ ಚೂರು. ಎಷ್ಟು ಟೋಕನ್ ಖರ್ಚಾಗುತ್ತದೆ ಎಂಬುದು ಕೆಲಸ ಮುಗಿದ ಮೇಲೆಯೇ ಗೊತ್ತಾಗುವುದು. ಕರ್ಸರ್ ಎಂಬ ಎಡಿಟರ್ 2025ರ ಜೂನ್‌ನಲ್ಲಿ, 20 ಡಾಲರಿಗೆ ತಿಂಗಳಿಗೆ 500 ವಿನಂತಿ ಎಂಬ ಎಣಿಕೆಯನ್ನು ಬಿಟ್ಟು ಬಳಸಿದಷ್ಟು ಲೆಕ್ಕಕ್ಕೆ ಜಾರಿತು. ಬಿಲ್ ನೋಡಿ ಬಳಕೆದಾರರು ಬೊಬ್ಬೆ ಹೊಡೆದರು. ಜುಲೈನಲ್ಲಿ ಕಂಪನಿ ಕ್ಷಮೆ ಕೇಳಿ, ಅನಿರೀಕ್ಷಿತವಾಗಿ ವಸೂಲಾದದ್ದನ್ನು ಹಿಂದಿರುಗಿಸುವುದಾಗಿ ಹೇಳಿತು. ಕನ್ನಡಿಗರಿಗೆ ಇದರಲ್ಲೊಂದು ವಿಶೇಷ ಗೌರವವೂ ಕಾದಿದೆ. ಒಂದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಕೆಲವೇ ಟೋಕನ್ ಸಾಕು, ಕನ್ನಡದಲ್ಲಿ ಕೇಳಿದರೆ ಅಕ್ಷರಗಳು ಚೂರುಚೂರಾಗಿ ಸಾಮಾನ್ಯವಾಗಿ ಟೋಕನ್ ಹೆಚ್ಚಾಗುತ್ತದೆ. ಒತ್ತಕ್ಷರಕ್ಕೆ ಶಾಲೆಯಲ್ಲಿ ಏಟು ತಿಂದದ್ದು ಸಾಲದೆಂದು ಈಗ ಡಾಲರಿನಲ್ಲೂ ತೆರಬೇಕು.

ಹಾಗಾದರೆ ವರದಿಯಲ್ಲಿ ಏನು ಬರೆಯಬೇಕು? ಇವತ್ತಿನ ಬೆಲೆಯನ್ನು ಬರೆಯಿರಿ, ಅದನ್ನು ನಂಬಬೇಡಿ. ಇವತ್ತಿನ ಬೆಲೆ ನಿಮ್ಮನ್ನು ಒಳಗೆ ಕರೆಯುವುದಕ್ಕೆ ಇಟ್ಟದ್ದು. ನಿಜವಾದ ಬೆಲೆ ಗೊತ್ತಾಗುವುದು ನೀವು ಹೊರಗೆ ಹೋಗಲಾರದಷ್ಟು ಒಗ್ಗಿಕೊಂಡ ಮೇಲೆ. ಹೀಗಾಗಿ ಹೊರಬಾಗಿಲಿನ ಬಗ್ಗೆ ಎರಡು ಪುಟ ಬರೆಯಿರಿ. ಚಂದಾ ನಿಲ್ಲಿಸಿದ ದಿನ ಕೈಯಲ್ಲಿ ಏನು ಉಳಿಯುತ್ತದೆ? ನಮ್ಮ ಕೋಡ್ ಬೇರೆ ಟೂಲಿನಲ್ಲಿ ತೆರೆಯುತ್ತದೆಯೇ? 2015ರಲ್ಲಿ ಕೋಡ್ ಎಡಿಟರುಗಳನ್ನು ಮಾರುವ ಜೆಟ್‌ಬ್ರೈನ್ಸ್ ಚಂದಾ ಪದ್ಧತಿಗೆ ಹೊರಟಾಗ ಬಳಕೆದಾರರು ಈ ಪ್ರಶ್ನೆಯನ್ನೇ ಹಿಡಿದು ಕೂತರು. ಕಂಪನಿ ಬಗ್ಗಿತು: ಹನ್ನೆರಡು ತಿಂಗಳು ಕಟ್ಟಿದವರಿಗೆ, ಆ ಅವಧಿ ಶುರುವಾದಾಗ ಇದ್ದ ಆವೃತ್ತಿ ಶಾಶ್ವತವಾಗಿ ಅವರದೇ ಆಯಿತು. ಗಲಾಟೆಗೆ ಹೆದರುವ ಮಾರಾಟಗಾರರೂ ಇದ್ದಾರೆ. ಗಲಾಟೆ ಮಾಡುವ ಗಿರಾಕಿಗಳು ಬೇಕು, ಅಷ್ಟೆ.

ಭಾರತೀಯರಿಗೆ ರಿಸರ್ವ್ ಬ್ಯಾಂಕಿನ ರಕ್ಷೆಯೂ ಇದೆ. 2021ರ ಅಕ್ಟೋಬರಿನಿಂದ, ಕಾರ್ಡಿನಿಂದ ತನ್ನಷ್ಟಕ್ಕೇ ಹಣ ಕಡಿತವಾಗುವ ಮೊದಲು ಬ್ಯಾಂಕು 24 ಗಂಟೆ ಮುಂಚೆ ಸುದ್ದಿ ಕೊಡಬೇಕು. ಒಂದು ಮಿತಿ ದಾಟಿದರೆ ಒಟಿಪಿ ಬೇಕು. ನಿಯಮ ಬಂದ ಹೊಸದರಲ್ಲಿ ಎಷ್ಟೋ ವಿದೇಶಿ ಚಂದಾಗಳು ನಿಂತೇಹೋದವು. ವರ್ಷಗಟ್ಟಲೆ ಹುಡುಕಿದರೂ ಸಿಗದ 'ರದ್ದುಮಾಡಿ' ಗುಂಡಿಯ ಕೆಲಸವನ್ನು ಮುಂಬೈಯ ಒಂದು ಸುತ್ತೋಲೆ ಮಾಡಿತು.

ಆದರೂ ಎಲ್ಲವನ್ನೂ ಗವರ್ನರ್ ಮೇಲೆ ಹೊರಿಸುವುದು ಸರಿಯಲ್ಲ. ಟೂಲಿಗೆ ಕಾರ್ಡ್ ನಂಬರ್ ಕೊಡುವ ಮೊದಲು ಆ ಗುಂಡಿ ಎಲ್ಲಿದೆ ಎಂದು ನೀವೇ ಹುಡುಕಿ. ಸಿಕ್ಕಿದರೆ ಧೈರ್ಯವಾಗಿ ಕೊಳ್ಳಿ. ಸಿಗದಿದ್ದರೂ ಶ್ರಮ ವ್ಯರ್ಥವಲ್ಲ: ಆ ಕಂಪನಿ ತನ್ನ ಅತ್ಯಂತ ಜಾಣ ಎಂಜಿನಿಯರುಗಳನ್ನು ಯಾವ ಕೆಲಸಕ್ಕೆ ಹಾಕಿದೆ ಎಂದು ವರದಿಯಲ್ಲಿ ಬರೆಯಬಹುದು.