ಸಿಲ್ವರ್ ನೈಟ್ರೇಟಿಗೂ ಸಿಗದ ಆಸಾಮಿ

(ಸ್ಥಳ: ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಎದುರಿಗೆ ಕೊಳವೆಬಾವಿ ನೀರು ತುಂಬಿದ ತಂಬಿಗೆ. ಒಳಗಿರುವವರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ತಂಬಿಗೆಯ ಮುಖ ನೋಡಿಯೇ ಮಾತಾಡಿಸಬೇಕಾಯಿತು.)

ಪ್ರಶ್ನೆ: ನಮಸ್ಕಾರ ಫ್ಲೋರೈಡ್ ಅವರೇ. ಈ ಭಾಗಕ್ಕೆ ಯಾವಾಗ ಬಂದಿರಿ?

ಫ್ಲೋರೈಡ್: ಬರೂದೇನ್ರಿ, ಇಲ್ಲೇ ಹುಟ್ಟಿದಾಂವ ನಾ. ಅಶೋಕ ಗವಿಮಠದ ಬಂಡಿ ಮ್ಯಾಲೆ ಶಾಸನ ಬರಸೂಕಿಂತ ಮೊದಲ ಈ ಸೀಮಿ ಗ್ರಾನೈಟಿನ ಒಳಗ ಸುಮ್ನ ಕುಂತಿದ್ದೆ. ಬೋರ್ ಕೊರಸಿ ಮ್ಯಾಲೆ ಕರದಾವ್ರು ನೀವ.

ಪ್ರಶ್ನೆ: ಗಂಗಾವತಿ ಕಡೆ ನಿಮ್ಮ ಹೆಸರು ಅಷ್ಟು ಕೇಳಿಬರುವುದಿಲ್ಲ?

ಫ್ಲೋರೈಡ್: ಅಲ್ಲಿ ತುಂಗಭದ್ರಾ ಎಡದಂಡಿ ಕಾಲುವಿ ಐತಿ, ಭತ್ತದ ಸೀಮಿ. ಕುಷ್ಟಗಿ, ಯಲಬುರ್ಗಾ ಕಡೆ ಮಳಿನೂ ಕಮ್ಮಿ, ಬೋರ್ ಆಳ. ನೀರು ಬಂಡಿ ಜೋಡಿ ಭಾಳ ದಿನ ಸಂಸಾರ ಮಾಡಿದಷ್ಟೂ ನಾ ಬಿಡಿಸ್ಕೊಂಡು ಬರ್ತೀನಿ. ನೀರಿನ್ಯಾಗ ಕ್ಯಾಲ್ಸಿಯಂ ಹೆಚ್ಚಿದ್ರ ನನ್ನ ಹಿಡದು ತಳಕ್ಕ ಕೂಡಸ್ತಿತ್ತು.

ಪ್ರಶ್ನೆ: ಪಿಯುಸಿ ಮಕ್ಕಳು ಸಾಲ್ಟ್ ಅನಾಲಿಸಿಸ್ ಮಾಡುತ್ತಾರಲ್ಲ, ಅವರ ಕೈಗೂ ಸಿಗಲಿಲ್ಲವೇ?

ಫ್ಲೋರೈಡ್: ಹ್ಹಹ್ಹ! ಸಿಲ್ವರ್ ನೈಟ್ರೇಟ್ ಹಾಕಿದ ಕೂಡ್ಲೆ ನನ್ನ ತಮ್ಮ ಕ್ಲೋರೈಡ್ ಮಸರು ಒಡದಂಗ ಬೆಳ್ಳಗ ಕುಂದರ್ತಾನ. ಬೇರಿಯಂ ಕ್ಲೋರೈಡ್ ಕಂಡ್ರ ಸಲ್ಫೇಟ್ ತಳಾ ಹಿಡೀತಾನ. ನೈಟ್ರೇಟ್ ಅಂತೂ ಶೋಕಿ ಮನಷ್ಯಾ. ಫೆರಸ್ ಸಲ್ಫೇಟ್ ಹಾಕಿ, ಟ್ಯೂಬಿನ ಗ್ವಾಡಿಗುಂಟ ಸಲ್ಫ್ಯೂರಿಕ್ ಆಸಿಡ್ ನಿಧಾನಕ ಇಳಿಬಿಟ್ರ ಕಂದು ಉಂಗುರ ಹಾಕ್ಕೊಂಡು ನಿಂದರ್ತಾನ. ನಂದೇನು? ಸಿಲ್ವರ್ ಫ್ಲೋರೈಡ್ ನೀರಿನ್ಯಾಗ ಕರಗತೈತಿ. ಎಷ್ಟು ಹನಿ ಹಾಕಿದ್ರೂ ಟ್ಯೂಬಿನ ನೀರು ತಿಳಿ ಅಂದ್ರ ತಿಳಿ.

ಪ್ರಶ್ನೆ: ಪರೀಕ್ಷೆಗೆ ನಿಮ್ಮನ್ನು ಇಡುವುದೂ ಇಲ್ಲ?

ಫ್ಲೋರೈಡ್: ತಮ್ಮಂದಿರು ಕ್ಲೋರೈಡ್, ಬ್ರೋಮೈಡ್, ಅಯೋಡೈಡ್ ಹೋಗ್ತಾರ, ಹಿರೇಮಗನ್ನ ಕರಿಯಂಗಿಲ್ಲ. ಅಲ್ಲಿ ಯಾವ ಸಾಲ್ಟ್ ಇಟ್ಟಾರ ಅಂತ ಅಟೆಂಡರ್‌ಗೂ ಗೊತ್ತು, ಅವನ್ನ ಕೇಳಿದ ಹುಡುಗರಿಗೂ ಗೊತ್ತು. ಗೊತ್ತಿದ್ದದ್ದನ್ನ ಹುಡಿಕ್ಯಾಡಿ ಜರ್ನಲ್‌ನ್ಯಾಗ ‘ಕನ್ಫರ್ಮ್ಡ್’ ಅಂತ ಬರದು, ಮನಿಗೆ ಹೋಗಿ ಒಂದು ತಂಬಗಿ ಬೋರ್ ನೀರು ಕುಡೀತಾರ. ಅದ್ರಾಗ ಏನೈತಿ ಅಂತ ಯಾವ ಮಾಸ್ತರೂ ಪ್ರಶ್ನಿ ಹಾಕಿಲ್ಲ.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಹಿಡಿಯುವ ಉಪಾಯವೇ ಇಲ್ಲ?

ಫ್ಲೋರೈಡ್: ಐತ್ರಿ. ಜಿರ್ಕೋನಿಯಂ ಮತ್ತ ಅಲಿಜರಿನ್ ಕೂಡಿದ ಕೆಂಪು ದ್ರಾವಣ. ಜಿರ್ಕೋನಿಯಂ ಕಂಡ್ರ ನನಗ ಜೀವ. ಅದನ್ನ ಬಿಡಿಸ್ಕೊಂಡು ಹೊಂಟ್ರ ಕೆಂಪು ಹೋಗಿ ಹಳದಿ ಆಗತೈತಿ. ಉಳದಾವ್ರು ಬಣ್ಣ ತೋರ್ಸಿ ಸಿಗ್ತಾರ, ನಾ ಬಣ್ಣ ಕದ್ದು ಸಿಗ್ತೀನಿ. ಆ ಬಾಟ್ಲಿ ನೀರಿನ ಪರೀಕ್ಷಾ ಕಿಟ್‌ನ್ಯಾಗ ಐತಿ, ಕಿಟ್ ಕಪಾಟಿನ್ಯಾಗ ಐತಿ, ಕಪಾಟಿನ ಕೀಲಿ ಮೀಟಿಂಗಿಗೆ ಹೋಗೈತಿ.

ಪ್ರಶ್ನೆ: ನೀವು ಇಷ್ಟು ಕೆಟ್ಟವರೇ?

ಫ್ಲೋರೈಡ್: ಅಳತ್ಯಾಗ ಇದ್ರ ಹಲ್ಲಿಗೆ ಚಲೋನ ನಾ. ಲೀಟರಿಗೆ 1 ಮಿಲಿಗ್ರಾಂ, ಬ್ಯಾರೆ ನೀರ ಇಲ್ಲಂದ್ರ 1.5 ತನಕ ನಡೀತೈತಿ ಅಂತೈತಿ ಭಾರತೀಯ ಮಾನಕ. ದಾಟಿದ್ರ ಹುಡುಗರ ಹಲ್ಲಿನ ಮ್ಯಾಲೆ ಕಂದು ಪಟ್ಟಿ ಎಳೀತೀನಿ, ಭಾಳ ವರ್ಷ ಭಾಳ ಕುಡದ್ರ ಕೀಲು ಬಿಗದು ನಡಾ ಬಗ್ಗಸ್ತೀನಿ. 1937ರಾಗನ ನೆಲ್ಲೂರ ಕಡೆ ಡಾಕ್ಟರು ಇದನ್ನ ಬರದಿಟ್ಟಾರ. ನೀವು ಇನ್ನೂ ‘ವಯಸ್ಸಾತು’ ಅಂತ ಬಾಮ್ ಹಚ್ಚಾಕತ್ತೀರಿ.

ಪ್ರಶ್ನೆ: ಶುದ್ಧ ನೀರಿನ ಘಟಕಗಳು ಬಂದಿವೆಯಲ್ಲ?

ಫ್ಲೋರೈಡ್: ಬಂದಾವ. ನಾಣ್ಯ ಹಾಕಿದ್ರ ಕೊಡ ತುಂಬತೈತಿ. ಆರ್‌ಒ ನನ್ನ ತಡೀತೈತಿ, ಸುಳ್ಳ್ಯಾಕ ಹೇಳ್ಲಿ. ತಡದ ನೀರನ್ನ ಹಿಂದಿನ ಗಟಾರಕ್ಕ ಬಿಟ್ರ ನಾ ತಿರುಗಿ ನೆಲಕ್ಕ. ಮಶಿನ್ ಕೆಟ್ಟ ದಿನ ನೀವು ತಿರುಗಿ ಬೋರಿಗೆ.

ಪ್ರಶ್ನೆ: ಓದುಗರಿಗೆ ಏನು ಹೇಳುತ್ತೀರಿ?

ಫ್ಲೋರೈಡ್: ಕುದಿಸಿದ್ರ ನಾ ಹೋಗಂಗಿಲ್ಲ, ನೀರು ಇಂಗಿದಷ್ಟೂ ಗಟ್ಟಿ ಆಗ್ತೀನಿ. ನಿಮ್ಮ ಬೋರ್ ನೀರಿನ್ಯಾಗ ನಾ ಎಷ್ಟದೀನಿ ಅಂತ ಪಂಚಾಯ್ತಿಗೆ ಹೋಗಿ ಕೇಳ್ರಿ. ಒಂದೂವರಿ ದಾಟಿದ್ರ ಆ ನೀರು ಬಟ್ಟಿ ತೊಳಿಯಾಕ ಇಟಗೋರಿ, ಕುಡಿಯಾಕ ಬ್ಯಾಡ.